ಫ್ಲಾಪಿ ಡ್ರೈವಿನ ರೋಗನಿದಾನ

೧೯೮೨ನೆಯ ಇಸವಿಯ ಆಗಸ್ಟ್ ತಿಂಗಳಿನಲ್ಲಿ ಅಮೆರಿಕದ ಅಂಗಡಿಗಳಿಗೆ ಕಮೊಡೋರ್ ೬೪ ಎಂಬ ಗಣಕಯಂತ್ರವು ಬಂದಿತು. ಅದರ ಬೆಲೆ ೫೯೫ ಡಾಲರು. ಮನೆಯ ಟೆಲಿವಿಷನ್ ಪೆಟ್ಟಿಗೆಗೆ ತಂತಿ ಜೋಡಿಸಿದರೆ ಸಾಕು, ಯಂತ್ರ ಕೆಲಸಕ್ಕೆ ಸಿದ್ಧ. ಮುಂದಿನ ಹನ್ನೆರಡು ವರ್ಷಗಳಲ್ಲಿ ಈ ಮಾದರಿಯ ಗಣಕಗಳು ಒಂದು ಕೋಟಿಗೂ ಹೆಚ್ಚು ಮಾರಾಟವಾದುವು. ೧೯೯೪ರಲ್ಲಿ ತಯಾರಕ ಸಂಸ್ಥೆಯೇ ದಿವಾಳಿಯಾಯಿತು. ಸಂಸ್ಥೆ ಮುಚ್ಚಿಹೋದರೂ ಅದರ ಯಂತ್ರಗಳು ಯುರೋಪು ಅಮೆರಿಕಗಳ ಮನೆಯ ಅಟ್ಟಗಳಲ್ಲಿ, ವಸ್ತುಸಂಗ್ರಹಾಲಯಗಳಲ್ಲಿ, ಹವ್ಯಾಸಿಗಳ ಮೇಜುಗಳ ಮೇಲೆ ಇಂದಿಗೂ ಉಳಿದುಕೊಂಡಿವೆ. ಅವುಗಳ ಪಕ್ಕದಲ್ಲಿ ರಟ್ಟಿನ ಪೆಟ್ಟಿಗೆಗಳಲ್ಲಿ ಫ್ಲಾಪಿ ತಟ್ಟೆಗಳೂ ಉಳಿದಿವೆ. ಒಂದೊಂದು ತಟ್ಟೆಯಲ್ಲಿಯೂ ಏನೇನೋ ಇರಬಹುದು: ತೀರಿಕೊಂಡವರು ಬರೆದ ಪತ್ರ, ಹೈಸ್ಕೂಲು ಹುಡುಗನೊಬ್ಬನು ತಾನೇ ರಚಿಸಿದ ಆಟ, ಯಾವುದೋ ಸಂಘದ ಜಮಾಖರ್ಚಿನ ಲೆಕ್ಕ.

ಇವುಗಳನ್ನು ಓದಲು ಕಮೊಡೋರ್ ೬೪ಕ್ಕೆ ಜೋಡಿಯಾಗಿ ಬಂದ ಸಾಧನವೆಂದರೆ ೧೫೪೧ ಎಂಬ ಸಂಖ್ಯೆಯ ಡಿಸ್ಕ್ ಡ್ರೈವು. ನಲವತ್ತು ವರ್ಷ ದಾಟಿದ ಅಂಥ ಡ್ರೈವೊಂದಕ್ಕೆ ತಟ್ಟೆಯನ್ನು ತೂರಿಸಿ ಓದಲು ಆಜ್ಞೆ ಕೊಟ್ಟರೆ ಹಲವು ವೇಳೆ ಆಗುವುದು ಇಷ್ಟು: ತಟ್ಟೆ ತಿರುಗುತ್ತದೆ, ಒಳಗಿನಿಂದ ಮರಕುಟಿಗನು ಕೊಕ್ಕಿನಿಂದ ಕುಟ್ಟಿದಂತೆ 'ಟರ್‌ರ್‌ರ್' ಎಂಬ ಸದ್ದು ಬರುತ್ತದೆ, ಕೆಂಪು ದೀಪ ಮಿಣುಕತೊಡಗುತ್ತದೆ, ಕಡತ ಮಾತ್ರ ಬರುವುದಿಲ್ಲ.

ಆಗ ಏನು ಮಾಡಬೇಕು? ತಿರುಪುಳಿಯನ್ನು ಕೈಗೆತ್ತಿಕೊಳ್ಳುವ ಮೊದಲು ಯೋಚಿಸಬೇಕಾದ ಸಂಗತಿಗಳು ಕೆಲವುಂಟು. ಅವಸರದಿಂದ ಡ್ರೈವನ್ನು ಸರಿಪಡಿಸಿದವರು, ಸರಿಪಡಿಸಿದ ಕಾರಣದಿಂದಲೇ, ತಟ್ಟೆಯಲ್ಲಿದ್ದುದನ್ನು ಕಳೆದುಕೊಳ್ಳುವ ಸಂಭವವುಂಟು. ಇದು ವಿಚಿತ್ರವಾಗಿ ತೋರಬಹುದು. ಹೇಗೆಂಬುದನ್ನು ತಿಳಿಯಬೇಕಾದರೆ ಡ್ರೈವಿನ ಒಳಗೆ ನಡೆಯುವ ಕಾರ್ಯವನ್ನು ಸ್ವಲ್ಪ ಪರಿಚಯ ಮಾಡಿಕೊಳ್ಳಬೇಕು. ನಮ್ಮ ವಿದ್ಯಾರ್ಥಿಗಳು ಪಠ್ಯಪುಸ್ತಕದಲ್ಲಿ ಬಾಯಿಪಾಠ ಮಾಡುವ ಒಂದೆರಡು ನಿಯಮಗಳು ಇಲ್ಲಿ ದುಡಿಯುತ್ತಿರುವುದನ್ನು ಕಣ್ಣಾರೆ ಕಾಣಬಹುದು.

ತಟ್ಟೆಯ ಮೇಲಿನ ಬರಹ

ಫ್ಲಾಪಿ ತಟ್ಟೆಯೆಂದರೆ ಗುಂಡಗೆ ಕತ್ತರಿಸಿದ, ಬಾಗುವ ಪ್ಲಾಸ್ಟಿಕ್ ಹಾಳೆ. ಕಬ್ಬಿಣದ ಆಕ್ಸೈಡಿನ ನುಣುಪಾದ ಪುಡಿಯನ್ನು ಅಂಟಿನೊಡನೆ ಬೆರೆಸಿ ಅದರ ಮೇಲೆ ತೆಳುವಾಗಿ ಲೇಪಿಸಿರುತ್ತಾರೆ. ಐದೂಕಾಲು ಅಂಗುಲದ ಚೌಕವಾದ ಲಕೋಟೆಯೊಳಗೆ ಅದನ್ನು ಸೇರಿಸಿರುತ್ತಾರೆ. ಹಾಳೆ ಒಳಗೆ ತಿರುಗುತ್ತದೆ, ಲಕೋಟೆ ನಿಂತಿರುತ್ತದೆ. ಲಕೋಟೆಯಲ್ಲಿ ಉದ್ದವಾದ ಒಂದು ಕಿಂಡಿಯುಂಟು. ಅದರ ಮೂಲಕ ಡ್ರೈವಿನ ಹೆಡ್ಡು ಹಾಳೆಯನ್ನು ಮುಟ್ಟುತ್ತದೆ. ೧೫೪೧ರಲ್ಲಿ ಹೆಡ್ಡು ಇರುವುದು ಕೆಳಗಡೆ. ಮೇಲಿನಿಂದ ಮೆತ್ತನೆಯ ಉಣ್ಣೆಯ ತುಂಡೊಂದು ಹಾಳೆಯನ್ನು ಹೆಡ್ಡಿನ ಮೇಲೆ ಹಗುರವಾಗಿ ಅದುಮಿ ಹಿಡಿದಿರುತ್ತದೆ.

ಹೆಡ್ಡೆಂಬುದು ತಂತಿ ಸುತ್ತಿದ ಪುಟ್ಟ ಕಾಂತೀಯ ತಿರುಳು. ತಿರುಳಿನಲ್ಲಿ ಕೂದಲಿಗಿಂತಲೂ ಕಿರಿದಾದ ಒಂದು ಸೀಳು ಇರುತ್ತದೆ. ತಂತಿಯಲ್ಲಿ ವಿದ್ಯುತ್ತು ಹರಿದಾಗ ಸೀಳಿನ ಬಳಿ ಕಾಂತಕ್ಷೇತ್ರವುಂಟಾಗಿ, ಅದರ ಕೆಳಗೆ ಹಾದುಹೋಗುವ ಆಕ್ಸೈಡು ಕಾಂತತ್ವವನ್ನು ಪಡೆಯುತ್ತದೆ. ಪ್ರವಾಹದ ದಿಕ್ಕನ್ನು ತಿರುಗಿಸಿದರೆ ಕಾಂತತ್ವದ ದಿಕ್ಕೂ ತಿರುಗುತ್ತದೆ. ಬರೆಯುವುದೆಂದರೆ ಇಷ್ಟೇ. ಓದುವಾಗ ಫ್ಯಾರಡೆ ೧೮೩೧ರಲ್ಲಿ ಕಂಡುಹಿಡಿದ ತತ್ತ್ವವು ಕೆಲಸ ಮಾಡುತ್ತದೆ. ಸುರುಳಿಯ ಮೂಲಕ ಹಾಯುವ ಕಾಂತ ಅಭಿವಾಹವು ಬದಲಾದಾಗ ಮಾತ್ರ ಅದರಲ್ಲಿ ವೋಲ್ಟೇಜು ಹುಟ್ಟುತ್ತದೆ. ಆದುದರಿಂದ ಹೆಡ್ಡು ಅರಿಯುವುದು ಕಾಂತತ್ವವನ್ನಲ್ಲ, ಅದರ ದಿಕ್ಕು ತಿರುಗುವ ಗಡಿಗಳನ್ನು. ನಿಗದಿಯಾದ ಕಾಲದಲ್ಲಿ ಗಡಿಯೊಂದು ಬಂದರೆ ಅದು 'ಒಂದು'. ಬಾರದಿದ್ದರೆ ಅದು 'ಸೊನ್ನೆ'.

ಇಲ್ಲಿ ಒಂದು ತೊಡಕುಂಟು. ಸೊನ್ನೆಗಳು ಸಾಲಾಗಿ ಬಹಳ ಬಂದರೆ ಹೆಡ್ಡಿನಿಂದ ಸಂಕೇತವೇ ಇರುವುದಿಲ್ಲ. ತಾಳ ಹಾಕುವವನು ಬಹಳ ಹೊತ್ತು ಸುಮ್ಮನಿದ್ದರೆ ಹಾಡುವವನಿಗೆ ಲೆಕ್ಕ ತಪ್ಪುತ್ತದೆಯಷ್ಟೆ. ಹಾಗೆಯೇ ಡ್ರೈವಿಗೂ ಎಷ್ಟು ಸೊನ್ನೆಗಳು ಕಳೆದುವೆಂಬ ಲೆಕ್ಕ ತಪ್ಪುತ್ತದೆ. ಇದನ್ನು ತಪ್ಪಿಸಲು ಪ್ರತಿ ನಾಲ್ಕು ಬಿಟ್‌ಗಳನ್ನು ಐದಾಗಿ ಮಾರ್ಪಡಿಸಿ ಬರೆಯುತ್ತಾರೆ. ಎರಡಕ್ಕಿಂತ ಹೆಚ್ಚು ಸೊನ್ನೆಗಳು ಎಲ್ಲಿಯೂ ಒಟ್ಟಿಗೆ ಬಾರದಂತೆ ಆ ಐದನ್ನು ಆಯ್ದಿರುತ್ತಾರೆ. ಇನ್ನು, ಬರಹದ ಪ್ರತಿಯೊಂದು ತುಣುಕಿನ ಮುಂದೆ 'ಒಂದು'ಗಳ ಉದ್ದನೆಯ ಸಾಲೊಂದನ್ನು ಗುರುತಾಗಿ ಇಡುತ್ತಾರೆ. ಹತ್ತು 'ಒಂದು'ಗಳು ಒಟ್ಟಿಗೆ ಬಂದುವೆಂದರೆ, 'ಇನ್ನು ಬರಹ ಮೊದಲಾಗುತ್ತದೆ' ಎಂದು ಡ್ರೈವು ತಿಳಿಯುತ್ತದೆ. ಇದಕ್ಕೆ 'ಸಿಂಕ್' ಗುರುತೆಂದು ಹೆಸರು. ಮುಂದೆ ಇದರ ಪ್ರಸ್ತಾಪ ಬರುತ್ತದೆ.

ಬರಹವು ೩೫ ವೃತ್ತಾಕಾರದ ಪಥಗಳಲ್ಲಿ ಹಂಚಿಹೋಗಿದೆ. ಹೊರಗಿನ ೧೭ ಪಥಗಳಲ್ಲಿ ತಲಾ ೨೧ ಖಂಡಗಳು. ಒಳಗೆ ಹೋದಂತೆ ಪಥ ಗಿಡ್ಡವಾಗುವುದರಿಂದ ಖಂಡಗಳು ೧೯, ೧೮, ೧೭ ಎಂದು ಇಳಿಯುತ್ತವೆ. ಒಟ್ಟು ೬೮೩ ಖಂಡಗಳು, ಖಂಡಕ್ಕೆ ೨೫೬ ಬೈಟುಗಳು. ತಟ್ಟೆಯು ನಿಮಿಷಕ್ಕೆ ೩೦೦ ಸುತ್ತು ತಿರುಗುತ್ತದೆ. ಅತಿ ಒಳಗಿನ ಪಥದ ತ್ರಿಜ್ಯ ಸುಮಾರು ೩೯ ಮಿಲಿಮೀಟರು. ಸುತ್ತಳತೆ ೨೪೬ ಮಿಲಿಮೀಟರು. ಅದರಲ್ಲಿ ಸುಮಾರು ೫೦,೦೦೦ ಬಿಟ್‌ಗಳು. ಭಾಗಿಸಿ ನೋಡಿದರೆ ಒಂದು ಬಿಟ್ಟಿನ ಉದ್ದ ಒಂದು ಮಿಲಿಮೀಟರಿನ ೨೦೦ರಲ್ಲೊಂದು ಭಾಗ. ನಮ್ಮ ತಲೆಗೂದಲೊಂದರ ಅಗಲದಲ್ಲಿ ಹತ್ತಕ್ಕಿಂತ ಹೆಚ್ಚು ಬಿಟ್‌ಗಳು ಸಾಲಾಗಿ ನಿಲ್ಲಬಲ್ಲುವು! ಅಡ್ಡಲಾಗಿ ಮಾತ್ರ ಬರಹ ಇಷ್ಟು ಒತ್ತಾಗಿಲ್ಲ. ಪಥದ ಅಗಲ ೦.೩೩ ಮಿಲಿಮೀಟರು, ಒಂದು ಪಥದ ನಡುವಿನಿಂದ ಇನ್ನೊಂದರ ನಡುವಿಗೆ ಇರುವ ದೂರ ೦.೫೩ ಮಿಲಿಮೀಟರು. ಈ ಎರಡು ಅಂಕಿಗಳನ್ನು ವಾಚಕರು ನೆನಪಿನಲ್ಲಿಡಬೇಕು. ನಮ್ಮ ಕಥೆಯೆಲ್ಲ ನಿಂತಿರುವುದು ಅವುಗಳ ಮೇಲೆ.

ಕುಟ್ಟುವ ಸದ್ದು ಏತಕ್ಕೆ?

ಹೆಡ್ಡನ್ನು ಪಥದಿಂದ ಪಥಕ್ಕೆ ಒಯ್ಯುವುದು ಹೆಜ್ಜೆ ಹೆಜ್ಜೆಯಾಗಿ ತಿರುಗುವ ಒಂದು ಮೋಟಾರು. ಅದರ ದಂಡದ ತುದಿಯಲ್ಲಿ ಪುಟ್ಟ ರಾಟೆ. ರಾಟೆಗೆ ಸುತ್ತಿದ ತೆಳುವಾದ ಉಕ್ಕಿನ ಪಟ್ಟಿ. ಪಟ್ಟಿಗೆ ಬಿಗಿದ ಹೆಡ್ಡಿನ ಗಾಡಿ. ಮೋಟಾರು ಒಂದು ಹೆಜ್ಜೆ ಇಟ್ಟರೆ ಹೆಡ್ಡು ಅರ್ಧ ಪಥದಷ್ಟು ಸರಿಯುತ್ತದೆ.

ಈಗ ಡ್ರೈವಿಗೆ ಚಾಲನೆ ಕೊಟ್ಟೆವೆನ್ನೋಣ. ಹೆಡ್ಡು ಯಾವ ಪಥದ ಮೇಲಿದೆಯೆಂದು ಅದಕ್ಕೆ ತಿಳಿಯುವುದು ಹೇಗೆ? ಬಹುಪಾಲು ಡ್ರೈವುಗಳಲ್ಲಿ ಮೊದಲನೆಯ ಪಥದ ಬಳಿ ಒಂದು ಸಂವೇದಕವಿರುತ್ತದೆ. ಹೆಡ್ಡು ಅಲ್ಲಿಗೆ ಬಂದಾಗ ಅದು ಸೂಚನೆ ಕೊಡುತ್ತದೆ. ನಮ್ಮ ದೇಶದಲ್ಲಿ ೧೯೮೪ರಲ್ಲಿ ಆರಂಭವಾದ 'ಕ್ಲಾಸ್' ಯೋಜನೆಯ ಮೂಲಕ ಶಾಲೆಗಳಿಗೆ ಬಂದ ಬಿ.ಬಿ.ಸಿ. ಮೈಕ್ರೊ ಗಣಕಕ್ಕೆ ಜೋಡಿಸಬಹುದಾಗಿದ್ದ ಡ್ರೈವುಗಳು ಈ ಜಾತಿಯವು. ೧೫೪೧ರಲ್ಲಿ ಈ ಸಂವೇದಕವಿಲ್ಲ. ೧೯೭೮ರ ಆ್ಯಪಲ್ ಡಿಸ್ಕ್ ೨ರಲ್ಲಿಯೂ ಇರಲಿಲ್ಲ. ಒಂದು ಬಿಡಿಭಾಗ ಕಡಮೆಯಾದರೆ ಬೆಲೆಯೂ ಅಷ್ಟು ಕಡಮೆ. ಸಂವೇದಕಕ್ಕೆ ಬದಲಾಗಿ ಡ್ರೈವು ಮಾಡುವ ಉಪಾಯ ಸರಳವಾದುದು. ಹೆಡ್ಡು ಎಲ್ಲಿಯೇ ಇರಲಿ, ಅದನ್ನು ನಲವತ್ತಕ್ಕೂ ಹೆಚ್ಚು ಪಥಗಳಷ್ಟು ಹೊರಕ್ಕೆ ಸರಿಸುವಂತೆ ಮೋಟಾರಿಗೆ ಆಜ್ಞೆ ಕೊಡುವುದು. ಇರುವುದೇ ೩೫ ಪಥ. ಹೆಡ್ಡು ಹೊರತುದಿಯ ತಡೆಗೆ ಬಡಿದು ನಿಲ್ಲುತ್ತದೆ; ಮೋಟಾರು ಮಾತ್ರ ಉಳಿದ ಹೆಜ್ಜೆಗಳನ್ನು ಇಡಲು ಹವಣಿಸುತ್ತ ಮತ್ತೆ ಮತ್ತೆ ತಡೆಗೆ ಕುಟ್ಟುತ್ತದೆ. 'ಈಗ ನಾನು ಮೊದಲನೆಯ ಪಥದಲ್ಲಿದ್ದೇನೆ' ಎಂದು ಡ್ರೈವು ತೀರ್ಮಾನಿಸುತ್ತದೆ. ಕತ್ತಲೆಯ ಕೋಣೆಯಲ್ಲಿ ಗೋಡೆಗೆ ಹಣೆ ಬಡಿಸಿಕೊಂಡು ದಿಕ್ಕು ತಿಳಿದುಕೊಂಡಂತೆ!

ಓದುವುದರಲ್ಲಿ ತಪ್ಪು ಬಂದಾಗಲೆಲ್ಲ, ಹೊಸ ತಟ್ಟೆಯನ್ನು ಅಣಿಗೊಳಿಸುವಾಗಲೆಲ್ಲ ಈ ಕುಟ್ಟುವಿಕೆ ನಡೆಯುತ್ತದೆ. ಹಲವು ಡ್ರೈವುಗಳಲ್ಲಿ ರಾಟೆಯನ್ನು ಮೋಟಾರಿನ ದಂಡಕ್ಕೆ ಕೇವಲ ಬಿಗಿಯಾಗಿ ತೂರಿಸಿರುತ್ತಾರೆ. ನಡುವೆ ಮೊಳೆಯಿಲ್ಲ, ತಿರುಪಿಲ್ಲ. ಇದರ ಜೊತೆಗೆ ವಿದ್ಯುತ್ ಪರಿವರ್ತಕವನ್ನು ಡ್ರೈವಿನ ಪೆಟ್ಟಿಗೆಯೊಳಗೇ ಇಟ್ಟಿದ್ದಾರೆ. ಗಂಟೆಗಟ್ಟಲೆ ನಡೆಸಿದರೆ ಪೆಟ್ಟಿಗೆ ಚೆನ್ನಾಗಿ ಬಿಸಿಯಾಗುತ್ತದೆ; ಲೋಹ ಹಿಗ್ಗುತ್ತದೆ. ಬಿಸಿಯಾದ ರಾಟೆಗೆ ಸಾವಿರಾರು ಸಲ ಪೆಟ್ಟು ಬಿದ್ದರೆ ಅದು ದಂಡದ ಮೇಲೆ ಕೂದಲೆಳೆಯಷ್ಟು ಜಾರದಿರುವುದೆ? ವಿನೋದವೆಂದರೆ, ಆ ಕಾಲದ ಆಟಗಳನ್ನು ಮಾರುವವರು ಕಳ್ಳಪ್ರತಿ ಮಾಡದಂತೆ ತಮ್ಮ ತಟ್ಟೆಗಳಲ್ಲಿ ಬೇಕೆಂದೇ ತಪ್ಪು ಖಂಡಗಳನ್ನು ಇಡುತ್ತಿದ್ದರು. ಹಣ ಕೊಟ್ಟು ಆಟ ಕೊಂಡವನ ಡ್ರೈವು ಅದನ್ನು ಓದಿದಾಗಲೆಲ್ಲ ಕುಟ್ಟುತ್ತಿತ್ತು.

ಕೇಳಬೇಕಾದ ಪ್ರಶ್ನೆಗಳು

ಇನ್ನು ಪರೀಕ್ಷೆಗೆ ತೊಡಗೋಣ. ಮೊದಲಿಗೆ ಒಂದು ಎಚ್ಚರಿಕೆ: ಪರೀಕ್ಷೆಗೆ ಬಳಸುವ ತಟ್ಟೆಯು ಕಳೆದರೂ ಚಿಂತೆಯಿಲ್ಲದ ತಟ್ಟೆಯಾಗಿರಬೇಕು. ಎರಡನೆಯದಾಗಿ, ಡ್ರೈವಿನ ಮೇಲೆ ಅನುಮಾನವಿರುವವರೆಗೆ ಹಳೆಯ ತಟ್ಟೆಯ ಮೇಲೆ ಏನನ್ನೂ ಬರೆಯಕೂಡದು. ಲಕೋಟೆಯ ಅಂಚಿನಲ್ಲಿರುವ ಚೌಕನೆಯ ಕಚ್ಚನ್ನು ಬೆಳಕು ಹಾಯದ ಚೀಟಿಯಿಂದ ಮುಚ್ಚಿದರೆ ಡ್ರೈವು ಬರೆಯಲು ಒಪ್ಪುವುದಿಲ್ಲ. ಮೂರನೆಯದು ನಮ್ಮ ದೇಹರಕ್ಷಣೆಗೆ ಸೇರಿದುದು. ಪೆಟ್ಟಿಗೆಯೊಳಗೆ ಮನೆಯ ವಿದ್ಯುತ್ತು ನೇರವಾಗಿ ಬರುತ್ತದೆ. ತಂತಿಯನ್ನು ಗೋಡೆಯಿಂದ ಕಿತ್ತ ಹೊರತು ಮುಚ್ಚಳವನ್ನು ತೆರೆಯಬಾರದು. ತೆರೆದ ಡ್ರೈವಿಗೆ ವಿದ್ಯುತ್ತು ಕೊಟ್ಟು ನೋಡಬೇಕಾದ ಪರೀಕ್ಷೆಗಳನ್ನು ತಿಳಿದವರೊಬ್ಬರು ಪಕ್ಕದಲ್ಲಿದ್ದಾಗ ಮಾತ್ರ ಮಾಡಬೇಕು. ಅಮೆರಿಕದಿಂದ ಬಂದ ಡ್ರೈವು ೧೨೦ ವೋಲ್ಟಿನದು. ನಮ್ಮ ೨೩೦ ವೋಲ್ಟಿಗೆ ಅದನ್ನು ತೂರಿಸಿದರೆ ಮುಂದೆ ರೋಗನಿದಾನದ ಅಗತ್ಯವೇ ಬೀಳುವುದಿಲ್ಲ.

೧೫೪೧ ಕೇವಲ ಚಕ್ರ ಮೋಟಾರುಗಳ ಪೆಟ್ಟಿಗೆಯಲ್ಲ. ಅದು ಸ್ವತಃ ಒಂದು ಗಣಕ. ೬೫೦೨ ಎಂಬ ಸಂಸ್ಕಾರಕ, ೨ ಕಿಲೋಬೈಟಿನ ಸ್ಮೃತಿ, ೧೬ ಕಿಲೋಬೈಟಿನ ಅಳಿಸಲಾಗದ ಸ್ಮೃತಿ, ಇವೆಲ್ಲ ಅದರಲ್ಲಿವೆ. ಚಾಲನೆ ಕೊಟ್ಟೊಡನೆ ಅದು ತನ್ನನ್ನು ತಾನೇ ಪರೀಕ್ಷಿಸಿಕೊಳ್ಳುತ್ತದೆ. ಕೆಂಪು ದೀಪ ಹತ್ತಿ, ಮೋಟಾರು ಒಂದು ಕ್ಷಣ ತಿರುಗಿ, ಎರಡೂ ನಿಂತರೆ ಎಲ್ಲವೂ ಸರಿಯೆಂದರ್ಥ. ದೀಪವು ಎಣಿಸಿದಂತೆ ಮಿಣುಕಿ, ನಿಂತು, ಮತ್ತೆ ಅಷ್ಟೇ ಸಲ ಮಿಣುಕಿದರೆ ಸ್ಮೃತಿಯ ಚಿಪ್ಪುಗಳಲ್ಲಿ ದೋಷವುಂಟು. ದೀಪ ಆರದೆ, ಮೋಟಾರು ನಿಲ್ಲದೆ ತಿರುಗುತ್ತಲೇ ಇದ್ದರೆ ಸಂಸ್ಕಾರಕವು ಕೆಲಸವನ್ನು ಆರಂಭಿಸಿಯೇ ಇಲ್ಲ. ಆಗ ಮಲ್ಟಿಮೀಟರಿನಿಂದ ೫ ವೋಲ್ಟ್ ಮತ್ತು ೧೨ ವೋಲ್ಟ್ ಸರಬರಾಜುಗಳನ್ನು ಅಳೆದು ನೋಡಬೇಕು. ಹಸಿರು ದೀಪವೂ ಹತ್ತದಿದ್ದರೆ ಫ್ಯೂಸಿನಿಂದ ಮೊದಲುಮಾಡಬೇಕು.

ಡ್ರೈವು ನಿಧಾನವೆಂಬುದು ಮಾತ್ರ ರೋಗವಲ್ಲ. ೨೧ ಖಂಡಗಳ ಒಂದು ಪಥ, ಎಂದರೆ ೫,೩೭೬ ಬೈಟುಗಳು, ಒಂದು ಸುತ್ತಿಗೆ, ಸೆಕೆಂಡಿನ ಐದರಲ್ಲೊಂದು ಭಾಗದಲ್ಲಿ, ಹೆಡ್ಡಿನ ಮೇಲೆ ಹಾದುಹೋಗುತ್ತದೆ. ಆದರೆ ಅಲ್ಲಿಂದ ಗಣಕಕ್ಕೆ ಹೋಗುವ ತಂತಿಯಲ್ಲಿ ಬೈಟುಗಳು ಒಂದೊಂದು ಬಿಟ್ಟಾಗಿ ತೆವಳುತ್ತವೆ. ಸೆಕೆಂಡಿಗೆ ೪೦೦ ಬೈಟ್ ಹೋದರೆ ಹೆಚ್ಚು. ೩೨,೦೦೦ ಬೈಟುಗಳ ಆಟವೊಂದು ಬರಲು ಒಂದು ನಿಮಿಷ ಇಪ್ಪತ್ತು ಸೆಕೆಂಡು ಕಾಯಬೇಕು. ಆ ಡ್ರೈವು ಹುಟ್ಟಿದ ದಿನದಿಂದಲೂ ಹೀಗೆಯೇ.

ಡ್ರೈವು ತನ್ನನ್ನು ಬಾಧಿಸುವುದೇನೆಂದು ಸಂಖ್ಯೆಯ ಮೂಲಕ ತಿಳಿಸುತ್ತದೆ. ಗಣಕದಿಂದ ಹದಿನೈದನೆಯ ಮಾರ್ಗವನ್ನು ತೆರೆದು ಕೇಳಿದರೆ ಒಂದು ಸಂಖ್ಯೆ, ಒಂದು ಚಿಕ್ಕ ವಾಕ್ಯ, ತಪ್ಪು ಸಂಭವಿಸಿದ ಪಥ ಹಾಗೂ ಖಂಡ ಇಷ್ಟನ್ನು ಉತ್ತರವಾಗಿ ಕೊಡುತ್ತದೆ. ೨೧ ಎಂದರೆ ಸಿಂಕ್ ಗುರುತೇ ಸಿಕ್ಕಲಿಲ್ಲ. ೨೦ ಎಂದರೆ ಖಂಡದ ತಲೆಬರಹ ಸಿಕ್ಕಲಿಲ್ಲ. ೨೩ ಎಂದರೆ ಬರಹ ಸಿಕ್ಕಿತು, ಆದರೆ ಬೈಟುಗಳ ತಾಳೆ ಹೊಂದಲಿಲ್ಲ. ೭೪ ಎಂದರೆ ಡ್ರೈವು ಸಿದ್ಧವಿಲ್ಲ. ಈ ಸಂಖ್ಯೆಯನ್ನು ಒಂದು ಸಲ ಕೇಳಿ ತೃಪ್ತರಾಗಬಾರದು. ಒಂದೇ ತಟ್ಟೆಯನ್ನು ಹತ್ತು ಸಲ ಓದಿಸಿ, ಬಂದ ಉತ್ತರಗಳನ್ನು ಕಾಗದದ ಮೇಲೆ ಗುರುತಿಸಿಕೊಳ್ಳಬೇಕು. ಹತ್ತು ಸಲವೂ ಅದೇ ಪಥದ ಅದೇ ಖಂಡದಲ್ಲಿ ೨೩ ಬಂದರೆ ತಟ್ಟೆಯ ಆ ಜಾಗ ಕೆಟ್ಟಿದೆಯೆಂದು ಊಹಿಸಬಹುದು. ಒಮ್ಮೆ ಇಲ್ಲಿ, ಒಮ್ಮೆ ಅಲ್ಲಿ ತಪ್ಪು ಬಂದರೆ ತಟ್ಟೆಯನ್ನು ಬಿಟ್ಟು ಡ್ರೈವಿನ ಕಡೆಗೆ ನೋಡಬೇಕು. ಎಲ್ಲ ತಟ್ಟೆಗಳಿಗೂ ಬರಿಯ ೨೧ ಬರುವುದಾದರೆ ಹೆಡ್ಡಿಗೆ ಸಂಕೇತವೇ ತಲಪುತ್ತಿಲ್ಲ.

ಇಂಥ ಸಂದರ್ಭದಲ್ಲಿ ಮೊದಲು ಮಾಡಬೇಕಾದುದು ಹೆಡ್ಡನ್ನು ಶುಚಿಗೊಳಿಸುವುದು. ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಅದ್ದಿದ ಹತ್ತಿಯ ಕಡ್ಡಿಯಿಂದ ಹಗುರವಾಗಿ ಒರಸಿದರೆ ಕಂದು ಬಣ್ಣದ ಕೊಳೆ ಹತ್ತಿಗೆ ಅಂಟಿ ಬರುತ್ತದೆ. ಆ ಕಂದು ಕೊಳೆ ಯಾವುದೋ ತಟ್ಟೆಯ ಲೇಪ. ಅಷ್ಟು ಬರಹ ಎಲ್ಲಿಂದಲೋ ಕಿತ್ತುಬಂದಿದೆ ಎಂದರ್ಥ. ಮಲೆನಾಡಿನ ಮಳೆಗಾಲದಲ್ಲಿ ಪುಸ್ತಕದ ರಟ್ಟಿಗೆ ಬೂಷ್ಟು ಹಿಡಿಯುವಂತೆ ಒದ್ದೆ ಹವೆಯಲ್ಲಿಟ್ಟ ತಟ್ಟೆಗಳಿಗೂ ಬೂಷ್ಟು ಹಿಡಿಯುತ್ತದೆ. ಅಂಥ ತಟ್ಟೆಯೊಂದನ್ನು ತೂರಿಸಿದರೆ ಹೆಡ್ಡು ಮಲಿನವಾಗಿ, ಮುಂದಿನ ಹತ್ತು ಒಳ್ಳೆಯ ತಟ್ಟೆಗಳ ಮೇಲೆ ಗೀರು ಬೀಳಬಹುದು. ಆದುದರಿಂದ ಲಕೋಟೆಯ ಕಿಂಡಿಯಲ್ಲಿ ಹಾಳೆಯನ್ನು ಕೈಯಿಂದ ಮೆಲ್ಲನೆ ತಿರುಗಿಸುತ್ತ, ಮಂಕಾದ ಚುಕ್ಕೆಗಳಿವೆಯೆ ಎಂದು ಬೆಳಕಿಗೆ ಹಿಡಿದು ನೋಡಿದ ಹೊರತು ಯಾವ ತಟ್ಟೆಯನ್ನೂ ಡ್ರೈವಿಗೆ ಕೊಡಬಾರದು.

ಟ್ಯೂಬ್‌ಲೈಟಿನ ಕೆಳಗೆ

ಮುಂದಿನ ಪ್ರಶ್ನೆ ವೇಗದ್ದು. ನಿಮಿಷಕ್ಕೆ ೩೦೦ ಸುತ್ತುಗಳನ್ನು ಅಳೆಯಲು ಗಡಿಯಾರ ಹಿಡಿದು ಎಣಿಸಬೇಕಾಗಿಲ್ಲ. ಬೆಲ್ಟಿನಿಂದ ತಿರುಗುವ ಮಾದರಿಗಳಲ್ಲಿ ಡ್ರೈವಿನ ಅಡಿಯಲ್ಲಿ ಭಾರವಾದ ಒಂದು ಚಕ್ರವಿದೆ. ಅದರ ಮೇಲೆ ಕಪ್ಪು ಬಿಳುಪು ಗೆರೆಗಳ ಎರಡು ವೃತ್ತಗಳನ್ನು ಮುದ್ರಿಸಿದ್ದಾರೆ. ಒಂದಕ್ಕೆ ೫೦ ಎಂದೂ ಇನ್ನೊಂದಕ್ಕೆ ೬೦ ಎಂದೂ ಗುರುತು. ಇದು ಏನೆಂಬುದನ್ನು ವಿದ್ಯಾರ್ಥಿಗಳು ತಾವೇ ಲೆಕ್ಕ ಮಾಡಿ ತಿಳಿಯಬಹುದು. ನಮ್ಮ ಮನೆಯ ವಿದ್ಯುತ್ತು ಸೆಕೆಂಡಿಗೆ ೫೦ ಆವರ್ತನಗಳದು. ಪ್ರತಿ ಆವರ್ತನದಲ್ಲಿಯೂ ಪ್ರವಾಹವು ಎರಡು ಸಲ ಏರಿಳಿಯುವುದರಿಂದ ಟ್ಯೂಬ್‌ಲೈಟು ಸೆಕೆಂಡಿಗೆ ೧೦೦ ಸಲ ಮಿನುಗುತ್ತದೆ. ಚಕ್ರವು ಸೆಕೆಂಡಿಗೆ ೫ ಸುತ್ತು ತಿರುಗುತ್ತದೆ. ಹಾಗಾದರೆ ಎರಡು ಮಿನುಗುಗಳ ನಡುವೆ ಅದು ಸುತ್ತಿನ ೨೦ರಲ್ಲೊಂದು ಭಾಗ ತಿರುಗುತ್ತದೆ. ಚಕ್ರದ ಮೇಲೆ ೨೦ ಗೆರೆಗಳಿದ್ದರೆ ಪ್ರತಿ ಮಿನುಗಿನಲ್ಲಿಯೂ ಒಂದು ಗೆರೆಯ ಜಾಗಕ್ಕೆ ಮುಂದಿನ ಗೆರೆ ಸರಿಯಾಗಿ ಬಂದು ನಿಂತಿರುತ್ತದೆ; ಗೆರೆಗಳು ಅಲುಗದೆ ನಿಂತಂತೆ ಕಣ್ಣಿಗೆ ಕಾಣುತ್ತದೆ. ೨೦ರ ಗುಣಕವಾದ ಯಾವ ಸಂಖ್ಯೆಯಾದರೂ ಹೀಗೆಯೇ. ೬೦ ಆವರ್ತನಗಳ ಅಮೆರಿಕದಲ್ಲಿ ಈ ಸಂಖ್ಯೆ ೨೪ ಆಗುತ್ತದೆ. ಅದಕ್ಕಾಗಿ ಎರಡನೆಯ ವೃತ್ತ.

ಗೆರೆಗಳು ಮೆಲ್ಲನೆ ಚಕ್ರದ ದಿಕ್ಕಿಗೇ ಸರಿದರೆ ವೇಗ ಹೆಚ್ಚು, ಹಿಂದಕ್ಕೆ ಸರಿದರೆ ಕಡಮೆ. ೨೦ ಗೆರೆಗಳ ವೃತ್ತದಲ್ಲಿ ಸೆಕೆಂಡಿಗೆ ಒಂದು ಗೆರೆ ಸರಿಯಿತೆಂದರೆ ತಪ್ಪು ಸುತ್ತಿನ ೨೦ರಲ್ಲೊಂದು ಭಾಗ. ಐದು ಸುತ್ತಿಗೆ ಇದು ಶೇಕಡಾ ಒಂದು. ಹತ್ತು ಸೆಕೆಂಡಿಗೆ ಒಂದು ಗೆರೆ ಸರಿದರೂ ನಮ್ಮ ಕಣ್ಣಿಗೆ ಕಾಣುತ್ತದೆ. ಎಂದರೆ ಸಾವಿರದಲ್ಲೊಂದು ಭಾಗದ ತಪ್ಪನ್ನು ಬರಿಗಣ್ಣು ಹಿಡಿದಂತಾಯಿತು. ಆ ಮಟ್ಟದಲ್ಲಿ ವಿದ್ಯುತ್ತಿನ ಆವರ್ತನವೇ ೫೦ರಿಂದ ಅತ್ತಿತ್ತ ಸರಿಯುವುದುಂಟು. ಆದುದರಿಂದ ಅದಕ್ಕಿಂತ ಸೂಕ್ಷ್ಮಕ್ಕೆ ಹೋಗುವುದು ವ್ಯರ್ಥ. ಒಂದು ತೊಂದರೆ: ಇಂದಿನ ಹಲವು ಎಲ್.ಇ.ಡಿ. ದೀಪಗಳಲ್ಲಿ ಬೆಳಕು ಹೀಗೆ ಮಿನುಗುವುದಿಲ್ಲ. ಚೋಕ್ ಇರುವ ಹಳೆಯ ಟ್ಯೂಬ್‌ಲೈಟೇ ಆಗಬೇಕು.

ವೇಗ ತಪ್ಪುವುದಕ್ಕೆ ಸಾಮಾನ್ಯ ಕಾರಣ ಸಡಿಲವಾದ ಅಥವಾ ಹೊಳಪೇರಿ ಜಾರುವ ಬೆಲ್ಟು. ಓದುವಾಗ ವೇಗದಲ್ಲಿನ ಸಣ್ಣ ತಪ್ಪನ್ನು ಡ್ರೈವು ಸಹಿಸಿಕೊಳ್ಳುತ್ತದೆ, ಏಕೆಂದರೆ ಬರುವ ಪ್ರತಿಯೊಂದು 'ಒಂದೂ' ಅದರ ತಾಳವನ್ನು ಮತ್ತೆ ಸರಿಪಡಿಸುತ್ತದೆ. ಬರೆಯುವಾಗ ಹಾಗಲ್ಲ. ತಟ್ಟೆ ಹೆಚ್ಚು ವೇಗವಾಗಿ ತಿರುಗಿದರೆ ೨೧ ಖಂಡಗಳನ್ನು ಬರೆದು ಮುಗಿಸುವುದರೊಳಗೆ ಸುತ್ತು ಮುಗಿದು, ಕೊನೆಯ ಖಂಡವು ಮೊದಲನೆಯದರ ಮೇಲೆ ಏರುತ್ತದೆ.

ಪಥ ತಪ್ಪಿದ ಹೆಡ್ಡು

ಹೆಡ್ಡು ಶುಚಿಯಾಗಿದೆ, ಗೆರೆಗಳು ನಿಂತಿವೆ. ಆದರೂ ಡ್ರೈವು ಓದುವುದಿಲ್ಲ. ಆಗ ಉಳಿದ ಅನುಮಾನ ರಾಟೆಯ ಮೇಲೆ. ರಾಟೆ ದಂಡದ ಮೇಲೆ ಸ್ವಲ್ಪ ಜಾರಿದ್ದರೆ ಹೆಡ್ಡು ಎಲ್ಲ ಪಥಗಳಲ್ಲಿಯೂ ಅಷ್ಟೇ ದೂರ ಪಕ್ಕಕ್ಕೆ ನಿಲ್ಲುತ್ತದೆ. ಪಥದ ಅಗಲ ೦.೩೩ ಮಿಲಿಮೀಟರು ಎಂದೆವಷ್ಟೆ. ೦.೧ ಮಿಲಿಮೀಟರು ಪಕ್ಕಕ್ಕೆ ನಿಂತ ಹೆಡ್ಡಿನ ಅಡಿಯಲ್ಲಿ ಪಥದ ಶೇಕಡಾ ೭೦ರಷ್ಟು ಮಾತ್ರ ಸಿಕ್ಕುತ್ತದೆ. ಸಂಕೇತವೂ ಸುಮಾರು ಅಷ್ಟಕ್ಕೆ ಇಳಿಯುತ್ತದೆ. ಹೊಸ ತಟ್ಟೆಯಾದರೆ ಇನ್ನೂ ಓದಬಹುದು. ಕಾಂತತ್ವ ಕುಂದಿದ ಹಳೆಯ ತಟ್ಟೆಯಲ್ಲಿ ಆಗದು. ಅರ್ಧ ಪಥದಷ್ಟು, ೦.೨೬ ಮಿಲಿಮೀಟರು, ಸರಿದರಂತೂ ಹೆಡ್ಡು ಎರಡು ಪಥಗಳ ನಡುವಣ ಬಯಲಿನಲ್ಲಿ ನಿಂತು ಎರಡೂ ಕಡೆಯ ಪಿಸುಮಾತನ್ನು ಕೇಳ ಹತ್ತುತ್ತದೆ.

ಈ ದೋಷವನ್ನು ಖಚಿತಪಡಿಸಿಕೊಳ್ಳಲು ಒಳ್ಳೆಯ ಪ್ರಯೋಗವೊಂದುಂಟು. ಖಾಲಿ ತಟ್ಟೆಯೊಂದನ್ನು ಅನುಮಾನವಿರುವ ಡ್ರೈವಿನಲ್ಲೇ ಅಣಿಗೊಳಿಸಿ, ಏನನ್ನಾದರೂ ಬರೆದು, ಅದರಲ್ಲೇ ಓದಿಸಬೇಕು. ಅನಂತರ ಕಾರ್ಖಾನೆಯಿಂದ ಬರೆದುಬಂದ ತಟ್ಟೆಯೊಂದನ್ನು ಓದಿಸಬೇಕು. ಎರಡನ್ನೂ ಓದದಿದ್ದರೆ ದೋಷ ಹೆಡ್ಡಿನಲ್ಲೋ ವಿದ್ಯುನ್ಮಂಡಲದಲ್ಲೋ ಇರಬೇಕು. ತಾನು ಬರೆದುದನ್ನು ನಿರರ್ಗಳವಾಗಿ ಓದಿ, ಇತರರು ಬರೆದುದಕ್ಕೆ ತಡವರಿಸಿದರೆ ಪಥ ತಪ್ಪಿದೆಯೆನ್ನುವುದರಲ್ಲಿ ಸಂಶಯವಿಲ್ಲ. ಏಕೆಂದರೆ ಪಥ ತಪ್ಪಿದ ಡ್ರೈವು ತಪ್ಪಿದ ಜಾಗದಲ್ಲೇ ಬರೆಯುತ್ತದೆ, ತಪ್ಪಿದ ಜಾಗದಲ್ಲೇ ಓದುತ್ತದೆ. ಅದರ ಮಟ್ಟಿಗೆ ಎಲ್ಲವೂ ಸರಿ.

ಇಲ್ಲಿಗೆ ನಾವು ಮೊದಲಲ್ಲಿ ಹೇಳಿದ ಅಪಾಯದ ಬಳಿಗೆ ಬಂದೆವು. ೧೯೮೬ರಲ್ಲೊಂದು ಮನೆಯಲ್ಲಿ ರಾಟೆ ಜಾರಿತೆಂದು ಇಟ್ಟುಕೊಳ್ಳೋಣ. ಮನೆಯವರಿಗೆ ಅದು ತಿಳಿಯುವುದೇ ಇಲ್ಲ; ಅವರ ಪತ್ರಗಳು, ಲೆಕ್ಕಗಳು ಅವರ ಡ್ರೈವಿನಲ್ಲಿ ಚೆನ್ನಾಗಿ ತೆರೆಯುತ್ತವೆ. ಅಂಗಡಿಯಿಂದ ತಂದ ಹೊಸ ಆಟ ಮಾತ್ರ ಓದದು. ಆಟದ ತಟ್ಟೆಯೇ ಕೆಟ್ಟಿದೆಯೆಂದು ಅವರು ಅದನ್ನು ಹಿಂದಿರುಗಿಸಿರಬಹುದು. ಹೀಗೆ ಐದಾರು ವರ್ಷ ಬರೆದ ತಟ್ಟೆಗಳೆಲ್ಲ ಆ ಒಂದು ಡ್ರೈವಿನ ವಕ್ರ ಪಥಕ್ಕೆ ಹೊಂದಿಕೊಂಡಿವೆ. ಇಂದು ಯಾರೋ ಜಾಣರು ಆ ಡ್ರೈವನ್ನು ಬಿಚ್ಚಿ, ಹೆಡ್ಡನ್ನು ಸರಿಯಾದ ಪಥಕ್ಕೆ ತಂದು ನಿಲ್ಲಿಸುತ್ತಾರೆ. ಕಾರ್ಖಾನೆಯ ತಟ್ಟೆಗಳು ಓದತೊಡಗುತ್ತವೆ. ಮನೆಯವರ ತಟ್ಟೆಗಳು ಮೂಕವಾಗುತ್ತವೆ. ಆ ಬರಹವನ್ನು ಓದಬಲ್ಲ ಸಾಧನ ಒಂದೇ ಒಂದಿತ್ತು. ಅದನ್ನು ರೋಗವೆಂದು ತಿಳಿದು ಗುಣಪಡಿಸಿದ್ದಾಯಿತು.

ಇಂಥ ಡ್ರೈವಿನಿಂದ ಬೇರೆಯವರ ತಟ್ಟೆಯ ಮೇಲೆ ಬರೆಯುವುದು ಇನ್ನೂ ಕೆಟ್ಟದ್ದು. ಹೊಸ ಬರಹವು ಹಳೆಯ ಪಥದ ಮುಕ್ಕಾಲು ಭಾಗವನ್ನು ಅಳಿಸಿ, ಅಂಚಿನ ಪಟ್ಟಿಯೊಂದನ್ನು ಹಾಗೆಯೇ ಉಳಿಸುತ್ತದೆ. ಸರಿಯಾದ ಡ್ರೈವಿಗೆ ಆಮೇಲೆ ಎರಡು ಬರಹಗಳೂ ಒಟ್ಟಿಗೆ ಕೇಳಿಸುತ್ತವೆ.

ಆದುದರಿಂದ ಚಿಕಿತ್ಸೆಯ ಕ್ರಮ ಹೀಗಿರಬೇಕು. ಹೆಡ್ಡನ್ನು ಶುಚಿಗೊಳಿಸುವುದು, ಬೆಲ್ಟು ಬದಲಾಯಿಸುವುದು, ಗಾಡಿ ಜಾರುವ ಸರಳುಗಳ ಗಟ್ಟಿಯಾದ ಗ್ರೀಸನ್ನು ತೆಗೆಯುವುದು ಇವನ್ನೆಲ್ಲ ನಿಶ್ಚಿಂತೆಯಿಂದ ಮಾಡಬಹುದು. ಹೆಜ್ಜೆ ಮೋಟಾರನ್ನು ಬಿಗಿದ ಎರಡು ತಿರುಪುಗಳನ್ನು ಮಾತ್ರ ಮುಟ್ಟಬಾರದು. ಮೊದಲು ಆ ಡ್ರೈವಿನೊಡನೆ ಬಂದ ಎಲ್ಲ ತಟ್ಟೆಗಳನ್ನೂ ಅದರಲ್ಲೇ ಓದಿಸಿ, ಇಂದಿನ ಗಣಕಕ್ಕೆ ನಕಲು ಮಾಡಿಕೊಳ್ಳಬೇಕು. ೧೫೪೧ನ್ನು ಯು.ಎಸ್.ಬಿ. ಮೂಲಕ ಈಗಿನ ಗಣಕಕ್ಕೆ ಜೋಡಿಸುವ ಪುಟ್ಟ ಸಾಧನಗಳು ದೊರೆಯುತ್ತವೆ. ೬೮೩ ಖಂಡಗಳಲ್ಲಿ ಹತ್ತಿಪ್ಪತ್ತು ಓದದೆ ಹೋದರೂ ಉಳಿದವನ್ನು ತೆಗೆದಿಟ್ಟುಕೊಂಡು, ಓದದವನ್ನು ಮತ್ತೆ ಮತ್ತೆ ಕೇಳಬೇಕು. ತಾಳೆ ಒಂದು ಸಲ ಹೊಂದಿದರೂ ಸಾಕು. ಡ್ರೈವು ಬಿಸಿಯಾಗುವ ಮೊದಲು ಓದದ ಖಂಡ ಬಿಸಿಯಾದ ಮೇಲೆ ಓದಬಹುದು. ಕೂದಲೆಳೆಯ ಅಂತರದಲ್ಲಿ ಲೋಹದ ಹಿಗ್ಗುವಿಕೆಯೂ ಲೆಕ್ಕಕ್ಕೆ ಬರುತ್ತದೆ.

ಎಲ್ಲ ನಕಲೂ ಮುಗಿದ ಮೇಲೆ ತಿರುಪುಗಳನ್ನು ಸಡಿಲಿಸಬಹುದು. ಮೋಟಾರಿನ ತಿರುಪುಗಳು ಉದ್ದನೆಯ ತೂತುಗಳಲ್ಲಿ ಕೂತಿರುವುದರಿಂದ ಮೋಟಾರಿನ ಮೈಯನ್ನೇ ಚೂರು ಚೂರು ತಿರುಗಿಸಲು ಬರುತ್ತದೆ. ಇದಕ್ಕಾಗಿ ತಯಾರಿಸಿದ ವಿಶೇಷ ತಟ್ಟೆಯೂ ಆಸಿಲೋಸ್ಕೋಪೂ ಇದ್ದರೆ ಕೆಲಸ ಸುಲಭ. ಆ ತಟ್ಟೆಯಲ್ಲಿ ಪಥದ ಎರಡು ಪಕ್ಕಗಳಿಗೂ ಸಂಕೇತವನ್ನು ಬರೆದಿರುತ್ತಾರೆ. ಪರದೆಯ ಮೇಲೆ ಬೆಕ್ಕಿನ ಕಣ್ಣುಗಳಂತೆ ಎರಡು ಉಬ್ಬುಗಳು ಕಾಣುತ್ತವೆ. ಎರಡೂ ಸಮವಾದರೆ ಹೆಡ್ಡು ಪಥದ ನಡುವಿನಲ್ಲಿದೆ. ಆಸಿಲೋಸ್ಕೋಪು ಇಲ್ಲದವರು ಕಾರ್ಖಾನೆಯಿಂದ ಬಂದ ಮೂರು ನಾಲ್ಕು ಬೇರೆ ಬೇರೆ ತಟ್ಟೆಗಳನ್ನು ಓದಿಸುತ್ತ, ಎರಡೂ ಪಕ್ಕಗಳಲ್ಲಿ ಓದು ತಪ್ಪುವ ಜಾಗಗಳನ್ನು ಮೋಟಾರಿನ ಮೈಮೇಲೆ ಪೆನ್ಸಿಲಿನಿಂದ ಗುರುತಿಸಿ, ಅವುಗಳ ನಡುಮಧ್ಯಕ್ಕೆ ಮೋಟಾರನ್ನು ನಿಲ್ಲಿಸಬಹುದು. ಒಂದು ತಟ್ಟೆಯನ್ನೇ ನಂಬಬಾರದು. ಅದನ್ನು ಬರೆದ ಯಂತ್ರವೂ ಪಥ ತಪ್ಪಿದುದಾಗಿರಬಹುದಲ್ಲವೆ? ಹೆಡ್ಡನ್ನು ಒಳಗಿನಿಂದ ತಂದು ನಿಲ್ಲಿಸಿದಾಗಲೂ ಹೊರಗಿನಿಂದ ತಂದು ನಿಲ್ಲಿಸಿದಾಗಲೂ ಓದು ಒಂದೇ ಸಮನಾಗಿರಬೇಕು; ಇಲ್ಲದಿದ್ದರೆ ಉಕ್ಕಿನ ಪಟ್ಟಿಯೋ ರಾಟೆಯೋ ಇನ್ನೂ ಸಡಿಲವಾಗಿದೆ. ರಾಟೆ ಸಡಿಲವಾಗಿದ್ದರೆ ಈ ಶ್ರಮವೆಲ್ಲ ಒಂದು ವಾರಕ್ಕೆ. ಅದನ್ನು ದಂಡಕ್ಕೆ ಅಂಟಿನಿಂದಲೋ, ಸಣ್ಣ ತೂತು ಕೊರೆದು ಮೊಳೆಯಿಂದಲೋ ಭದ್ರಪಡಿಸಿಯೇ ಮುಂದುವರಿಯಬೇಕು.

ಮಾಲಿಕರು ಯಾರೆಂದು ತಿಳಿಯದ ಹಳೆಯ ತಟ್ಟೆಗಳ ಪೆಟ್ಟಿಗೆಯೊಂದು ಕೈಗೆ ಬಂದು, ಸರಿಯಾದ ಡ್ರೈವಿನಲ್ಲಿ ಅವು ಓದದಿದ್ದರೆ, ಬರೆದ ಡ್ರೈವು ಪಥ ತಪ್ಪಿದ್ದಿತೆಂದು ಊಹಿಸಿ, ಇನ್ನೊಂದು ಡ್ರೈವನ್ನು ಬೇಕೆಂದೇ ಪಥ ತಪ್ಪಿಸಿ ಅವನ್ನು ಓದಿಸುವವರೂ ಇದ್ದಾರೆ. ಪೆಟ್ಟಿಗೆ ಖಾಲಿಯಾಗುವವರೆಗೆ ಅಂಥ ಡ್ರೈವಿನ ಮೇಲೆ 'ಇದನ್ನು ಸರಿಪಡಿಸಬಾರದು' ಎಂದು ದಪ್ಪಕ್ಷರದ ಚೀಟಿಯೊಂದನ್ನು ಅಂಟಿಸಿಡುವುದು ಒಳ್ಳೆಯದು.